ಬಾಯಲ್ಲಿ ಮರಿ ಸಾಕುವ ಎಲ್ಲೋ ಲ್ಯಾಬ್: ಮೂರನೇ ಸಲಕ್ಕೆ ಉಳಿದ 16 ಮರಿ

ಮರಿ ಟ್ಯಾಂಕಿನಲ್ಲಿ ಈಗ 16 ಹಳದಿ ಮೀನುಮರಿಗಳಿವೆ. ಮೊನ್ನೆಗೆ ಎಂಟು ವಾರ ತುಂಬಿತು. ಒಂದೊಂದೂ ಹೆಚ್ಚುಕಮ್ಮಿ 2.5 ಸೆಂ.ಮೀ. ಇದು ಮೂರನೇ ಪ್ರಯತ್ನ. ಮೊದಲೆರಡು ಕೆಟ್ಟವು. ಅದೂ ಮೀನಿನ ತಪ್ಪಿನಿಂದಲ್ಲ, ನನ್ನ ಕೈ ಸುಮ್ಮನಿರದೆ. ಡೈರಿ ಪಕ್ಕದಲ್ಲಿಟ್ಟುಕೊಂಡು, ಮಾಡಿದ್ದನ್ನು ಮಾಡಿದ ಹಾಗೇ ಬರೆಯುತ್ತಿದ್ದೇನೆ.

ಮೀನು ಆಫ್ರಿಕಾದ ಮಲಾವಿ ಸರೋವರದ್ದು. ಪುಸ್ತಕದ ಹೆಸರು ಲ್ಯಾಬಿಡೋಕ್ರೋಮಿಸ್ ಸೆರೂಲಿಯಸ್, ಸಾಕುವವರ ಬಾಯಲ್ಲಿ ಎಲ್ಲೋ ಲ್ಯಾಬ್. ಸೆರೂಲಿಯಸ್ ಅಂದರೆ ನೀಲಿ. ಹಳದಿ ಮೀನಿಗೆ ನೀಲಿ ಹೆಸರು ಯಾಕೆ ಅಂತ ನನಗೂ ತಮಾಷೆ ಅನಿಸಿತ್ತು. ಸರೋವರದಲ್ಲಿ ಬಿಳಿ ಮೈಗೆ ತಿಳಿನೀಲಿ ಹೊಳಪಿರುವವೂ ಇವೆ, 1956ರಲ್ಲಿ ಹೆಸರಿಟ್ಟದ್ದು ಅವನ್ನು ನೋಡಿ. ಮೊಟ್ಟೆ, ಮರಿ ಎರಡನ್ನೂ ತಾಯಿ ಮೂರು ವಾರ ಬಾಯಲ್ಲೇ ಇಟ್ಟುಕೊಳ್ಳುತ್ತದೆ. ಅಷ್ಟೂ ದಿನ ಊಟ ಇಲ್ಲ.

ಹಂತ 1: ಟ್ಯಾಂಕ್, ಕಲ್ಲು, ನೀರು

ಟ್ಯಾಂಕ್ 120 × 45 × 45 ಸೆಂ.ಮೀ. ಲೆಕ್ಕಕ್ಕೆ 243 ಲೀಟರ್. ಕಲ್ಲು, ಮರಳು ಹಾಕಿ, ಮೇಲೆ ನಾಲ್ಕು ಬೆರಳು ಬಿಟ್ಟರೆ ನೀರು ಹಿಡಿಯುವುದು 200 ಲೀಟರ್ ಅಷ್ಟೇ. ಸೋಡಾ, ಔಷಧಿ ಏನೇ ಹಾಕಿದರೂ ಈ 200ರ ಲೆಕ್ಕ ಹಿಡಿಯಬೇಕು.

ಮೊದಲ ತಪ್ಪು ಇಲ್ಲೇ. ಮರಳು ಹರಡಿ, ಅದರ ಮೇಲೆ ಕಲ್ಲು ಪೇರಿಸಿದೆ. ಈ ಮೀನುಗಳಿಗೆ ಮರಳು ತೋಡುವ ಚಟ. ಮುಂದೆ ಮೀನು ಬಿಟ್ಟ ಹತ್ತೇ ದಿನಕ್ಕೆ ಗಂಡು ಬಾಯಿ ತುಂಬ ಮರಳು ಹೊತ್ತು ಆಚೆ ಉಗುಳಿ, ಕಲ್ಲಿನ ಬುಡವನ್ನೇ ಖಾಲಿ ಮಾಡಿತ್ತು. ರಾತ್ರಿ ‘ಟಣ್’ ಅಂತ ಸದ್ದು. ಎದ್ದು ನೋಡಿದರೆ ಮೇಲಿನ ಕಲ್ಲು ಜಾರಿ ಗಾಜಿಗೆ ಒರಗಿದೆ. ಗಾಜು ಸೀಳಿರಲಿಲ್ಲ, ಅದು ಅದೃಷ್ಟ. ಮಾರನೇ ದಿನ ಎಲ್ಲ ತೆಗೆದು, ತಳಕ್ಕೆ ತೆಳು ಪ್ಲಾಸ್ಟಿಕ್ ಶೀಟ್ ಹಾಕಿ, ಕಲ್ಲನ್ನು ನೇರ ಅದರ ಮೇಲೆ ಕೂರಿಸಿ, ಆಮೇಲೆ ಸುತ್ತ ಮರಳು ಸುರಿದೆ. ತೋಡಿದರೂ ಕಲ್ಲು ಈಗ ಅಲ್ಲಾಡುವುದಿಲ್ಲ.

ನೀರು. ನನ್ನ ನಲ್ಲಿ ನೀರಿನ ಪಿಎಚ್ 7.0, ಕೆಎಚ್ (ಪಿಎಚ್ ಏರಿಳಿಯದಂತೆ ಹಿಡಿಯುವ ಕಾರ್ಬೊನೇಟ್ ಅಂಶದ ಅಳತೆ) 3. ಮಲಾವಿ ನೀರು ಕ್ಷಾರದ ಕಡೆಗೆ, ಪಿಎಚ್ 7.7ರಿಂದ 8.6. ಕೆಎಚ್ 7ಕ್ಕೆ ತರಬೇಕಿತ್ತು. 100 ಲೀಟರಿಗೆ 3 ಗ್ರಾಂ ಅಡುಗೆ ಸೋಡಾ ಹಾಕಿದರೆ ಕೆಎಚ್ 1 ಡಿಗ್ರಿ ಏರುತ್ತದೆ. 200 ಲೀಟರಿಗೆ 4 ಡಿಗ್ರಿ ಅಂದರೆ 24 ಗ್ರಾಂ. ಒಂದೇ ಸಲ ಹಾಕದೆ ದಿನಕ್ಕೆ 6 ಗ್ರಾಂನಂತೆ ನಾಲ್ಕು ದಿನ ಹಾಕಿದೆ. ಮರಳಿಗೆ ಹವಳದ ಪುಡಿ ಬೆರೆಸಿದ್ದರಿಂದ ಆಮೇಲೆ ಪಿಎಚ್ 8.0–8.2ರಲ್ಲೇ ನಿಂತಿದೆ. ಹೀಟರ್ 26.5 ಡಿಗ್ರಿಗೆ.

ಮೀನಿನ ಕೊಳೆಯಿಂದ ಹುಟ್ಟುವ ವಿಷವನ್ನು ಕರಗಿಸುವ ಬ್ಯಾಕ್ಟೀರಿಯಾ ಬೇಕಲ್ಲ, ಅದಕ್ಕೆ ಹಳೇ ಟ್ಯಾಂಕಿನ ಕೊಳೆ ಸ್ಪಾಂಜನ್ನು ಹೊಸ ಫಿಲ್ಟರಿಗೆ ತುರುಕಿ, ಅಮೋನಿಯಾ, ನೈಟ್ರೈಟ್ ಎಂಬ ಆ ವಿಷ ಎರಡೂ ಸೊನ್ನೆಗೆ ಬರುವ ತನಕ ಕಾದೆ. ಸ್ಪಾಂಜ್ ಇದ್ದೂ ಮೂರು ವಾರ ಹಿಡಿಯಿತು.

ಹಂತ 2: ಗಂಡು–ಹೆಣ್ಣಿನ ಗೊಂದಲ

4 ಸೆಂ.ಮೀ.ನ ಆರು ಮರಿ ತಂದೆ. ರೆಕ್ಕೆಯ ಕಪ್ಪು ಅಂಚು ದಟ್ಟವಾಗಿದ್ದ ಚೆಂದದ ಮೀನುಗಳನ್ನೇ ಆರಿಸಿದೆ. ಬೆಳೆದ ಮೇಲೆ ನೋಡಿದರೆ ನಾಲ್ಕು ಗಂಡು, ಎರಡು ಹೆಣ್ಣು! ಬೆಳೆದ ಗಂಡಿಗೆ ಕಪ್ಪು ಜಾಸ್ತಿ ಬರುತ್ತದೆ ನಿಜ, ಆದರೆ ಹೆಣ್ಣಿಗೂ ಕಪ್ಪು ಇರುತ್ತದೆ. ಬಣ್ಣ ನಂಬಿ ಲೆಕ್ಕ ಹಾಕುವುದು ಸುಮ್ನೆ ಜೂಜು.

ಖಾತ್ರಿ ಆಗಬೇಕಾದರೆ ಹೊಟ್ಟೆಯಡಿ ನೋಡಬೇಕು. ಕೈ ಒದ್ದೆ ಮಾಡಿಕೊಂಡು ಮೀನನ್ನು ಅಂಗಾತ ಹಿಡಿದರೆ ಎರಡು ಸಣ್ಣ ರಂಧ್ರ ಕಾಣುತ್ತವೆ. ಗಂಡಿನಲ್ಲಿ ಎರಡೂ ಹೆಚ್ಚುಕಮ್ಮಿ ಒಂದೇ ಗಾತ್ರ. ಹೆಣ್ಣಿನಲ್ಲಿ ಬಾಲದ ಕಡೆಯದು ದೊಡ್ಡದು. ಹತ್ತು ಸೆಕೆಂಡಿನೊಳಗೆ ನೋಡಿ ಬಿಟ್ಟುಬಿಡಬೇಕು. 5 ಸೆಂ.ಮೀ.ಗಿಂತ ಚಿಕ್ಕ ಮೀನಿನಲ್ಲಿ ನನ್ನ ಕಣ್ಣಿಗೆ ಏನೂ ಗೊತ್ತಾಗಲಿಲ್ಲ.

ಮೂರು ಗಂಡು ಕೊಟ್ಟು ಎರಡು ಹೆಣ್ಣು ತಂದೆ. ಈಗ ಒಂದು ಗಂಡು, ನಾಲ್ಕು ಹೆಣ್ಣು. ಒಂದೇ ಹೆಣ್ಣಿದ್ದರೆ ಗಂಡು ಅದನ್ನು ಅಟ್ಟಾಡಿಸಿ ಹಣ್ಣು ಮಾಡುತ್ತದೆ. ನಾಲ್ಕಿದ್ದರೆ ಆ ಕಾಟ ಹಂಚಿಹೋಗುತ್ತದೆ. ಬೇರೆ ಜಾತಿಯ ಮಲಾವಿ ಮೀನು ಒಂದನ್ನೂ ಇಡಲಿಲ್ಲ. ಇವು ತಮ್ಮತಮ್ಮಲ್ಲಿ ಬೆರೆತುಬಿಡುತ್ತವೆ, ಆಮೇಲೆ ಮರಿ ಯಾವುದರದ್ದು ಅಂತ ಹೇಳಲಿಕ್ಕೇ ಆಗುವುದಿಲ್ಲ.

ಹಂತ 3: ಮೊದಲ ಸಲ

ಸುಮಾರು ಒಂದು ವರ್ಷದ ಮೀನುಗಳಾಗಿದ್ದವು. ಒಂದು ಭಾನುವಾರ ಬೆಳಿಗ್ಗೆ ಗಂಡಿನ ಮುಖ, ಹೊಟ್ಟೆ ಮಸಿ ಬಳಿದ ಹಾಗೆ ಆಗಿತ್ತು. ಚಪ್ಪಟೆ ಕಲ್ಲಿನ ಮುಂದೆ ಮೈ ನಡುಗಿಸುತ್ತಾ ನಿಂತಿತ್ತು. ನಾನು ಕುರ್ಚಿ ಎಳೆದುಕೊಂಡು ಕೂತೆ.

ದೊಡ್ಡ ಹೆಣ್ಣು ಬಂತು. ಒಂದರ ಬಾಲಕ್ಕೆ ಇನ್ನೊಂದರ ಮೂತಿ ತಾಗಿಸಿಕೊಂಡು ಗುಂಡಗೆ ಸುತ್ತತೊಡಗಿದವು. ನಾಲ್ಕೈದು ಸುತ್ತಿನ ಮೇಲೆ ಹೆಣ್ಣು ಕಲ್ಲಿಗೆ ಹೊಟ್ಟೆ ತಾಗಿಸಿತು. ಒಂದು ಮೊಟ್ಟೆ ಬಿತ್ತು, ತೊಗರಿಬೇಳೆ ಬಣ್ಣದ್ದು, ಹೆಚ್ಚೆಂದರೆ 4 ಮಿ.ಮೀ. ಬಿದ್ದದ್ದೇ ತಡ, ಗಕ್ಕನೆ ತಿರುಗಿ ಅದನ್ನು ಬಾಯಿಗೆ ಹಾಕಿಕೊಂಡಿತು. ಗಂಡು ಹಿಂದಿನ ಕೆಳರೆಕ್ಕೆಯನ್ನು ಅಗಲಿಸಿ ನೆಲಕ್ಕೆ ಹಾಸಿತು. ಆ ರೆಕ್ಕೆಯ ಮೇಲೆ ಮೊಟ್ಟೆಯಂಥದ್ದೇ ಹಳದಿ ಚುಕ್ಕೆಗಳು. ಹೆಣ್ಣು ಅವನ್ನೂ ಹೆಕ್ಕಲು ಹೋಯಿತು. ಮೂತಿ ಅಲ್ಲಿಗೆ ತಂದಾಗಲೇ ಗಂಡಿನ ವೀರ್ಯ ಬಾಯಿಗೆ ಸೇರಿ, ಒಳಗಿದ್ದ ಮೊಟ್ಟೆ ಫಲಿಸುತ್ತದೆ. ಒಂದು ಗಂಟೆ ಇದೇ ನಡೆಯಿತು. ನನ್ನ ಕಾಫಿ ಆರಿ ತಣ್ಣಗಾಗಿತ್ತು.

ದಿನ 2: ಗಂಟಲಡಿ ಚೀಲ ಉಬ್ಬಿದೆ. ಬಾಯಿ ಪೂರ್ತಿ ಮುಚ್ಚುತ್ತಿಲ್ಲ. ಆಗಾಗ ಅಗಿಯುವ ಹಾಗೆ ಮಾಡುತ್ತದೆ. ಅದು ಅಗಿಯುವುದಲ್ಲ, ಮೊಟ್ಟೆ ತಿರುವಿಹಾಕುವುದು.

ದಿನ 4: ‘ಪಾಪ, ಗಂಡು ಕಾಟ ಕೊಡುತ್ತಿದೆ’ ಅಂತ ನಾನೇ ತೀರ್ಮಾನ ಮಾಡಿದೆ. ಬಲೆ ಹಿಡಿದು ಕಲ್ಲುಗಳ ಸುತ್ತ ಇಪ್ಪತ್ತು ನಿಮಿಷ ಓಡಿಸಿ ಹಿಡಿದೆ. 40 ಲೀಟರಿನ ಬೇರೆ ಟ್ಯಾಂಕಿಗೆ ಬಿಟ್ಟೆ.

ದಿನ 5: ಗಂಟಲು ಚಪ್ಪಟೆ. ಆಹಾರ ಹಾಕಿದರೆ ಓಡಿ ಬಂದು ತಿಂದಿತು. ಮೊಟ್ಟೆ ನುಂಗಿಬಿಟ್ಟಿದೆ.

ಮೊದಲ ಸಲದ ತಾಯಂದಿರು ಏನೂ ತೊಂದರೆ ಇಲ್ಲದಿದ್ದರೂ ನುಂಗುವುದುಂಟು. ಹಾಗಂತ ಹೇಳಿ ನಾನು ತಪ್ಪಿಸಿಕೊಳ್ಳುವಂತಿಲ್ಲ. ಇಪ್ಪತ್ತು ನಿಮಿಷ ಓಡಿಸಿದವನು ನಾನೇ.

ಹಂತ 4: ಎರಡನೇ ಸಲ, ಗುಳ್ಳೆಯ ಅವಾಂತರ

ಐದು ವಾರದ ಮೇಲೆ ಬಾಲದ ತುದಿ ಹರಿದ ಹೆಣ್ಣು ಬಾಯಿ ತುಂಬಿಕೊಂಡಿತು. ಈ ಸಲ 6ನೇ ದಿನದ ರಾತ್ರಿ, ದೀಪ ಆರಿಸಿ, ಟಾರ್ಚ್ ಬೆಳಕಿನಲ್ಲಿ ಹಿಡಿದೆ. ಸುಲಭವಾಗಿ ಸಿಕ್ಕಿತು. ಆದರೆ ಬಲೆ ನೀರಿನಿಂದ ಮೇಲೆ ಬಂದ ಕೂಡಲೇ ಎಲ್ಲವನ್ನೂ ಬಲೆಯೊಳಗೇ ಉಗುಳಿತು. 17 ಇದ್ದವು. ಮೊಟ್ಟೆ ಅನ್ನುವ ಹಾಗೂ ಇಲ್ಲ, ಮರಿ ಅನ್ನುವ ಹಾಗೂ ಇಲ್ಲ. ದುಂಡು ಹಳದಿ ಚೀಲ, ಅದಕ್ಕೆ ಅಂಟಿಕೊಂಡ ಎರಡು ಕಣ್ಣಿನ ಚುಕ್ಕೆ, ಪಟಪಟ ಅನ್ನುವ ಒಂದು ಎಳೆ ಬಾಲ.

ನನ್ನ ಹತ್ತಿರ ಟಂಬ್ಲರ್ ಇರಲಿಲ್ಲ. ತಾಯಿ ಬಾಯಲ್ಲಿ ತಿರುವುವ ಕೆಲಸವನ್ನು ನೀರಿನ ಹರಿವಿನಿಂದ ಮಾಡಿಸುವ ಡಬ್ಬಿ ಅದು. ಗಡಿಬಿಡಿಯಲ್ಲಿ ಒಂದು ಗಾಜಿನ ಜಾಡಿಗೆ ಏರ್ ಸ್ಟೋನ್ (ಗಾಳಿಯನ್ನು ಸಣ್ಣ ಗುಳ್ಳೆ ಮಾಡುವ ತೂತುಕಲ್ಲು) ಇಳಿಬಿಟ್ಟು, ಗುಳ್ಳೆ ಜೋರಾಗಿ ಬಿಟ್ಟೆ. ಉರುಳುವುದನ್ನು ನೋಡಿ ಖುಷಿಯಾಗಿ ಮಲಗಿದೆ.

ಬೆಳಿಗ್ಗೆ 15 ಬಿಳಿಚಿಕೊಂಡಿದ್ದವು. ಗುಳ್ಳೆ ನೇರ ಬಡಿದು ಹಳದಿ ಚೀಲ ಒಡೆದಿತ್ತು. ಜಾಡಿಯ ನೀರಿನ ಮೇಲೆ ಎಣ್ಣೆ ಜಿಡ್ಡಿನ ಪದರ. ಉಳಿದ ಎರಡೂ ಮೂರು ದಿನದಲ್ಲಿ ಹೋದವು. ಡೈರಿಯಲ್ಲಿ ಆ ದಿನ ಬರೆದದ್ದು ಒಂದೇ ಸಾಲು: ‘6ನೇ ದಿನ ಹಿಡಿಯುವ ಅಗತ್ಯ ಏನಿತ್ತು?’

ಹಂತ 5: ಟಂಬ್ಲರ್ ಮಾಡಿದ್ದು

ಮುಂದಿನ ಸಲಕ್ಕೆ ಸರಿಯಾದದ್ದನ್ನು ಮೊದಲೇ ಮಾಡಿಡೋಣ ಅಂತ ಕೂತೆ. ಬೇಕಾದದ್ದು: 500 ಮಿ.ಲೀ.ನ ತೆಳ್ಳನೆ ಪಾರದರ್ಶಕ ಬಾಟಲಿ ಎರಡು, 12 ಮಿ.ಮೀ. ಗಟ್ಟಿ ಪ್ಲಾಸ್ಟಿಕ್ ಕೊಳವೆ 20 ಸೆಂ.ಮೀ., ಏರ್ ಪೈಪ್, ಗಾಳಿ ಹೆಚ್ಚುಕಮ್ಮಿ ಮಾಡುವ ಸಣ್ಣ ವಾಲ್ವ್, ಸೊಳ್ಳೆ ಪರದೆಯ ತುಂಡು, ರಬ್ಬರ್ ಬ್ಯಾಂಡ್, ಬೂಷ್ಟು ನಿರೋಧಕ ಬೆರೆಸದ ಸಿಲಿಕೋನ್. ಬೂಷ್ಟು ನಿರೋಧಕ ಇರುವ ಸ್ನಾನದ ಮನೆಯ ಸಿಲಿಕೋನ್ ಮೀನಿಗೆ ವಿಷ. ಟ್ಯೂಬಿನ ಮೇಲೆ ಓದಿಯೇ ತನ್ನಿ.

ಮೊದಲನೇ ಬಾಟಲಿಯ ತಳ ಕತ್ತರಿಸಿ, ಕುತ್ತಿಗೆ ಕೆಳಗೆ ಬರುವಂತೆ ತಿರುಗಿಸಿದೆ. ಕುತ್ತಿಗೆಯ ಬಾಯಿಗೆ ಸೊಳ್ಳೆ ಪರದೆ ಕಟ್ಟಿದೆ. ನೀರು ಒಳಗೆ ಬರುವುದು ಇಲ್ಲಿಂದ. ಎರಡನೇ ಬಾಟಲಿಯ ತಳವನ್ನು 4 ಸೆಂ.ಮೀ. ಎತ್ತರಕ್ಕೆ ಕತ್ತರಿಸಿ, ಮೇಲಿನಿಂದ ಮುಚ್ಚಳದ ಹಾಗೆ ಕೂರಿಸಿದೆ. ಅದರ ನಡುವೆ ಬಿಸಿ ಮೊಳೆಯಿಂದ ತೂತು ಮಾಡಿ ಕೊಳವೆ ತೂರಿಸಿ ಸುತ್ತ ಸಿಲಿಕೋನ್ ಹಚ್ಚಿದೆ. ಕೊಳವೆಯ ಕೆಳತುದಿಗೂ ಪರದೆ. ಆ ತುದಿಯಿಂದ 6 ಸೆಂ.ಮೀ. ಮೇಲೆ, ಅಂದರೆ ಮುಚ್ಚಳದಿಂದ ಆಚೆ, ಕೊಳವೆಗೆ ಸಣ್ಣ ತೂತು ಮಾಡಿ ಏರ್ ಪೈಪ್ ಸಿಕ್ಕಿಸಿದೆ. ಇಡೀ ಡಬ್ಬಿ ನೀರಿನೊಳಗೆ ಮುಳುಗಿ, ಕೊಳವೆಯ ಮೇಲ್ತುದಿ ಮಾತ್ರ ನೀರಿನ ಮಟ್ಟಕ್ಕೆ ಬರಬೇಕು.

ಗಾಳಿ ಬಿಟ್ಟಾಗ ಗುಳ್ಳೆ ಕೊಳವೆಯಲ್ಲಿ ಮೇಲೇರುತ್ತಾ ಬಾಟಲಿಯ ನೀರನ್ನು ಎಳೆದುಕೊಳ್ಳುತ್ತದೆ. ಅದರ ಜಾಗಕ್ಕೆ ಕುತ್ತಿಗೆಯಿಂದ ಹೊಸ ನೀರು ನುಗ್ಗುತ್ತದೆ. ಮೊಟ್ಟೆಗಳು ಕುತ್ತಿಗೆಯ ಇಳಿಜಾರಿನಲ್ಲಿ ಮೆಲ್ಲಗೆ ಉರುಳುತ್ತವೆ. ಒಂದು ಗುಳ್ಳೆಯೂ ಅವನ್ನು ಮುಟ್ಟುವುದಿಲ್ಲ.

ಮೊದಲು ಮಾಡಿದ ಮುಚ್ಚಳ ಹಾಳಾಯಿತು. ಸಿಲಿಕೋನ್ ಹಚ್ಚಿದ ಎಂಟು ಗಂಟೆಗೇ ನೀರಿಗೆ ಇಳಿಸಿದೆ, ಕಿತ್ತು ಬಂತು. ಎರಡನೆಯದನ್ನು 48 ಗಂಟೆ ಒಣಗಿಸಿದೆ, ವಿನೆಗರ್ ವಾಸನೆ ಪೂರ್ತಿ ಹೋಗುವ ತನಕ. ಹರಿವು ಸರಿ ಮಾಡಲು ಸಾಸಿವೆ ಹಾಕಿ ನೋಡಿದೆ, ಅದು ಕುಣಿದಾಡಿತು. ಕಾಬೂಲಿ ಕಡಲೆ ಹಾಕಿದೆ, ಅಲ್ಲಾಡಲೇ ಇಲ್ಲ. ನೆನೆಸಿದ ಹೆಸರುಕಾಳು ಸರಿಹೊಂದಿತು. ಅದು ಜಾಗ ಬಿಟ್ಟು ಹಾರದೆ, ಇದ್ದಲ್ಲೇ ಸ್ವಲ್ಪ ಹೊರಳುವಷ್ಟಕ್ಕೆ ವಾಲ್ವ್ ತಿರುಗಿಸಿ, ಮಾರ್ಕರ್‌ನಲ್ಲಿ ಗುರುತು ಹಾಕಿದೆ.

ಹಂತ 6: ಮೂರನೇ ಸಲ

ಮೊಟ್ಟೆ ಇಟ್ಟದ್ದನ್ನು ಈ ಸಲ ನಾನು ನೋಡಲಿಲ್ಲ. ‘ಅಪ್ಪಾ, ದೊಡ್ಡದು ಊಟಕ್ಕೆ ಬರ್ತಿಲ್ಲ’ ಅಂತ ಮಗಳು ಹೇಳಿದಳು. ನಾನು ದಿನಾ ಗಂಟಲು ನೋಡುತ್ತಿದ್ದೆ, ಅವಳು ಊಟ ನೋಡುತ್ತಿದ್ದಳು. ಅವಳ ದಾರಿಯೇ ಚುರುಕು. ಅಂದಾಜಿನ ಮೇಲೆ ಅದನ್ನು 3ನೇ ದಿನ ಅಂತ ಬರೆದುಕೊಂಡೆ.

ದಿನ 3ರಿಂದ 17: ಏನೂ ಮಾಡಲಿಲ್ಲ. ನೀರು ಬದಲಿಸುವುದನ್ನೂ ಅರ್ಧ ಮಾಡಿದೆ. ಬಲೆಯನ್ನು ಕಪಾಟಿನ ಮೇಲಿಟ್ಟೆ.

ದಿನ 18, ರಾತ್ರಿ 9: ಮೊದಲು ಕಲ್ಲು. ಅರ್ಧದಷ್ಟು ಕಲ್ಲನ್ನು ಸದ್ದಿಲ್ಲದೆ ಎತ್ತಿ ಬಕೆಟಿಗೆ ಹಾಕಿದೆ. ಟ್ಯಾಂಕಿನ ಅಗಲಕ್ಕೆ ಕತ್ತರಿಸಿದ್ದ ಪ್ಲಾಸ್ಟಿಕ್ ಶೀಟನ್ನು ಗೋಡೆಯ ಹಾಗೆ ತಳ್ಳುತ್ತಾ ತಾಯಿಯನ್ನು ಮೂಲೆಗೆ ತಂದೆ. ಬಲೆ ಎತ್ತಲಿಲ್ಲ. ನೀರಿನೊಳಗೇ ಒಂದು ಡಬ್ಬಿ ಬಲೆಯ ಕೆಳಗೆ ಹಿಡಿದು, ನೀರು ಸಮೇತ ಎತ್ತಿದೆ. ಉಗುಳಲಿಲ್ಲ. ಎಲ್ಲ ಸೇರಿ ನಾಲ್ಕು ನಿಮಿಷ.

ಆಮೇಲೆ ಬಾಯಿ ಬಿಡಿಸುವುದು. ಅದೇ ಟ್ಯಾಂಕಿನ ನೀರು ತುಂಬಿದ ಬಿಳಿ ಬೇಸಿನ್ ಕೆಳಗೆ. ಒದ್ದೆ ಕೈಯಲ್ಲಿ ತಾಯಿಯನ್ನು ತಲೆಕೆಳಗಾಗಿ, ಮೂತಿ ನೀರಲ್ಲಿ ಇರುವಂತೆ ಹಿಡಿದೆ. ತೆಳು ಪ್ಲಾಸ್ಟಿಕ್ ಕಾರ್ಡನ್ನು ದುಂಡಗೆ ಕತ್ತರಿಸಿದ ಮೂಲೆಯಿಂದ ಕೆಳದವಡೆಯನ್ನು ಮೆಲ್ಲಗೆ ಕೆಳಗೊತ್ತಿದೆ. ಮೊದಲ ಸಲ ಬಿಗಿ ಹಿಡಿಯಿತು. ನನ್ನ ಕೈ ನಡುಗುತ್ತಿತ್ತು, ಬಿಟ್ಟುಬಿಟ್ಟೆ. ಒಂದು ನಿಮಿಷ ಬಕೆಟಿನಲ್ಲಿ ಸುಧಾರಿಸಿಕೊಳ್ಳಲು ಬಿಟ್ಟು ಮತ್ತೆ ಹಿಡಿದೆ. ದವಡೆ ತೆರೆದು, ಮೂತಿಯನ್ನು ನೀರಲ್ಲಿ ಹಿಂದೆ ಮುಂದೆ ಆಡಿಸಿದೆ. ಒಂದು ಮರಿ ಜಾರಿತು. ಆಮೇಲೆ ಎರಡು. ಆಮೇಲೆ ಬುಳಬುಳ ಅಂತ ಎಲ್ಲ. ಬಿಳಿ ಬೇಸಿನ್ನಿನ ತಳದಲ್ಲಿ ಬರೀ ಕಣ್ಣುಗಳೇ ಕಾಣುತ್ತಿದ್ದವು.

ಎಣಿಸಿದೆ, 19. ತಾಯಿಯನ್ನು ಬಕೆಟಿಗೆ ಬಿಟ್ಟು ಹತ್ತು ನಿಮಿಷದ ಮೇಲೆ ನೋಡಿದರೆ ಅಲ್ಲಿ ಇನ್ನೊಂದು. ಒಟ್ಟು 20. ಬಕೆಟ್ ನೋಡದೆ ಚೆಲ್ಲಬೇಡಿ.

ನನ್ನ ದಿನದ ಲೆಕ್ಕ ತಪ್ಪಿತ್ತು. ಮರಿಗಳ ಹೊಟ್ಟೆಯಡಿ ಇನ್ನೂ ಹಳದಿ ಚೀಲ ಎದ್ದು ಕಾಣುತ್ತಿತ್ತು, ಈಜಲು ಆಗದೆ ತಳದಲ್ಲಿ ಕುಪ್ಪಳಿಸುತ್ತಿದ್ದವು. ನಿಜವಾಗಿ 16ನೇ ದಿನ ಇರಬೇಕು. ಟಂಬ್ಲರ್ ಇದ್ದದ್ದು ಒಳ್ಳೆಯದಾಯಿತು. ಅದನ್ನು ಮರಿ ಟ್ಯಾಂಕಿನೊಳಗೆ ನೇತುಹಾಕಿ ಇಪ್ಪತ್ತನ್ನೂ ಹಾಕಿದೆ. ಮೊಟ್ಟೆಗೆ ಬೂಷ್ಟು ಹಿಡಿಯದಂತೆ ಹಾಕುವ ಮೆಥಿಲೀನ್ ಬ್ಲೂ ಹಾಕಲಿಲ್ಲ. ಅದೇ ನೀರಿನಲ್ಲಿ ಸ್ಪಾಂಜ್ ಫಿಲ್ಟರ್ ಇದೆ, ಅದರ ಬ್ಯಾಕ್ಟೀರಿಯಾ ಸಾಯುತ್ತದೆ.

ದಿನ 19, ರಾತ್ರಿ 2: ಕರೆಂಟ್ ಹೋಯಿತು. ಏರ್ ಪಂಪ್ ನೀರಿನ ಮಟ್ಟಕ್ಕಿಂತ ಕೆಳಗಿತ್ತು, ನೀರು ಹಿಂದಕ್ಕೆ ಬರದಂತೆ ತಡೆಯುವ ಚೆಕ್ ವಾಲ್ವನ್ನು ಪೈಪಿಗೆ ಹಾಕಿರಲಿಲ್ಲ. ನೀರು ಪೈಪಿನಲ್ಲಿ ಹಿಂದಕ್ಕೆ ಹರಿದು ಪಂಪಿನೊಳಗೆ, ಅಲ್ಲಿಂದ ನೆಲಕ್ಕೆ. ಕಾಲಿಗೆ ಒದ್ದೆ ತಾಗಿದಾಗಲೇ ಗೊತ್ತಾದದ್ದು. ಪಂಪ್ ಸತ್ತಿತು. ಕರೆಂಟ್ ಬಂದು, ಹಳೇ ಟ್ಯಾಂಕಿನ ಪಂಪ್ ಕಿತ್ತು ತಂದು ಜೋಡಿಸುವ ತನಕ ಎರಡು ಗಂಟೆ, ಹಲ್ಲಲ್ಲಿ ಟಾರ್ಚ್ ಕಚ್ಚಿಕೊಂಡು, ಟಂಬ್ಲರನ್ನು ಐದೈದು ನಿಮಿಷಕ್ಕೆ ಕೈಯಿಂದ ಅಲ್ಲಾಡಿಸಿದೆ. ಒಂದು ಮರಿ ಬಿಳಿಚಿತು. 19.

ದಿನ 22: ಚೀಲ ಕರಗಿತು. ಟಂಬ್ಲರಿನೊಳಗೆ ಎಲ್ಲವೂ ಹರಿವಿಗೆ ಎದುರಾಗಿ ಒಂದೇ ದಿಕ್ಕಿಗೆ ಮುಖ ಮಾಡಿ ಈಜುತ್ತಿದ್ದವು. ಮುಚ್ಚಳ ತೆಗೆದು ಹೊರಗೆ ಬಿಟ್ಟೆ.

ತಾಯಿಯ ವಿಷಯ. ಹಸಿದು ಬೆನ್ನು ಚೂಪಾಗಿತ್ತು. ಮರಿ ಬಿಡಿಸಿದ ರಾತ್ರಿಯೇ ದೊಡ್ಡ ಟ್ಯಾಂಕಿಗೆ ಬಿಟ್ಟರೆ ಗಂಡು ಬಿಡುವುದಿಲ್ಲ. 30 ಲೀಟರಿನ ಟಬ್ಬಿಗೆ ಸ್ಪಾಂಜ್ ಫಿಲ್ಟರ್ ಹಾಕಿ ನಾಲ್ಕು ದಿನ ಇಟ್ಟೆ, ದಿನಕ್ಕೆ ಮೂರು ಸಲ ಸ್ವಲ್ಪ ಸ್ವಲ್ಪ ಆಹಾರ. ಜಾಸ್ತಿ ದಿನ ಬೇರೆ ಇಟ್ಟರೂ ಕಷ್ಟವೇ, ಗುಂಪಿನಲ್ಲಿ ಅದರ ಸ್ಥಾನ ಹೋಗಿರುತ್ತದೆ. ವಾಪಸು ಬಿಡುವಾಗ ಕಲ್ಲುಗಳ ಜಾಗ ಬದಲಿಸಿದೆ. ಎಲ್ಲರಿಗೂ ಹೊಸ ಮನೆ, ಜಗಳ ಮೊದಲಿನಿಂದ ಶುರು.

ಹಂತ 7: ಮರಿ ಟ್ಯಾಂಕ್

45 × 30 × 30 ಸೆಂ.ಮೀ., 40 ಲೀಟರ್. ತಳಕ್ಕೆ ಮರಳಿಲ್ಲ. ಫಿಲ್ಟರ್ ಸ್ಪಾಂಜಿನದ್ದೇ, ಬೇರೆಯದಾದರೆ ಮರಿಯನ್ನು ಎಳೆದುಕೊಂಡುಬಿಡುತ್ತದೆ. ಆ ಸ್ಪಾಂಜ್ ಒಂದು ತಿಂಗಳಿನಿಂದ ದೊಡ್ಡ ಟ್ಯಾಂಕಿನಲ್ಲಿ ಪಳಗಿತ್ತು. ನೀರೂ ಅಲ್ಲಿಯದೇ.

ಬಾಯಲ್ಲಿ ಬೆಳೆದ ಮರಿಗಳ ಅನುಕೂಲ ಏನೆಂದರೆ ಹೊರಬರುವಾಗಲೇ 1 ಸೆಂ.ಮೀ. ಹತ್ತಿರ ಇರುತ್ತವೆ. ಬೆರಳಲ್ಲಿ ಪುಡಿ ಮಾಡಿದ ಫ್ಲೇಕ್ (ಹಾಳೆಯಂಥ ಒಣ ಮೀನಾಹಾರ) ಮೊದಲ ದಿನವೇ ತಿಂದವು. ಜೊತೆಗೆ ಆರ್ಟೀಮಿಯಾ, ಉಪ್ಪುನೀರಿನ ಪುಟ್ಟ ಸಿಗಡಿಯಂಥ ಜೀವಿ: ಒಂದು ಲೀಟರ್ ನೀರಿಗೆ 25 ಗ್ರಾಂ ಉಪ್ಪು, ಅರ್ಧ ಟೀ ಚಮಚ ಅದರ ಒಣ ಮೊಟ್ಟೆ, 28 ಡಿಗ್ರಿ, ಜೋರು ಗಾಳಿ. 24ರಿಂದ 30 ಗಂಟೆಗೆ ಒಡೆಯುತ್ತವೆ. ಗಾಳಿ ನಿಲ್ಲಿಸಿದರೆ ಸಿಪ್ಪೆ ತೇಲುತ್ತದೆ, ಕಿತ್ತಳೆ ಬಣ್ಣದ ಮರಿಹುಳು ಕೆಳಗೆ ಬೆಳಕಿನ ಕಡೆ ಸೇರುತ್ತವೆ.

ಎರಡನೇ ವಾರ ಖುಷಿಯಲ್ಲಿ ಕೈ ಉದಾರವಾಯಿತು. ದಿನಕ್ಕೆ ಆರು ಸಲ ಹಾಕಿದೆ. ಅಮೋನಿಯಾ ಲೀಟರಿಗೆ 0.5 ಮಿ.ಗ್ರಾಂ. ಪಿಎಚ್ 8ರ ಮೇಲಿರುವ ನೀರಿನಲ್ಲಿ ಅಷ್ಟೇ ಅಮೋನಿಯಾ ಹೆಚ್ಚು ವಿಷ. ಬೆಳಗಾಗುವಷ್ಟರಲ್ಲಿ ಎರಡು ಸತ್ತಿದ್ದವು. ಅಂದಿನಿಂದ ದಿನಕ್ಕೆ ಮೂರೇ ಸಲ, ಎರಡು ನಿಮಿಷದಲ್ಲಿ ಖಾಲಿಯಾಗುವಷ್ಟು. ದಿನ ಬಿಟ್ಟು ದಿನ ಕಾಲು ಭಾಗ ನೀರು ಬದಲು. ಹದಿನೇಳನೆಯದು ಹೋದದ್ದೂ ನೀರು ಬದಲಿಸುವಾಗಲೇ. ಪೈಪಿನ ತುದಿಗೆ ಪರದೆ ಕಟ್ಟುವುದನ್ನು ಮರೆತೆ, ಬಕೆಟ್ ನೋಡದೆ ಚೆಲ್ಲಿದೆ. ಮೇಲೆ ಉಪದೇಶ ಕೊಟ್ಟವನು ನಾನೇ.

ಈಗ ಇರುವುದು

16 ಮರಿ, ಎಲ್ಲವೂ ನೆಟ್ಟಗಿವೆ. ಬೆನ್ನು ರೆಕ್ಕೆಯಲ್ಲಿ ಕಪ್ಪು ಗೆರೆ ಮೂಡುತ್ತಿದೆ. 40 ಲೀಟರ್ ಇವಕ್ಕೆ ಇನ್ನು ಒಂದು ತಿಂಗಳು ಸಾಕಾದೀತು, ಅಷ್ಟೇ. ಎರಡೂ ಏರ್ ಪೈಪಿಗೆ ಚೆಕ್ ವಾಲ್ವ್ ಹಾಕಿ ಆಯಿತು, ಬ್ಯಾಟರಿ ಪಂಪೂ ಒಂದು ತಂದಿಟ್ಟಿದ್ದೇನೆ. ಟಂಬ್ಲರ್ ಮುಚ್ಚಳದ ಸಿಲಿಕೋನ್ ಒಂದು ಕಡೆ ಎದ್ದಿದೆ. ಕೆರೆದು ಮತ್ತೆ ಹಚ್ಚಬೇಕು, 48 ಗಂಟೆ ಒಣಗಬೇಕು. ಹರಿದ ಬಾಲದ ಹೆಣ್ಣಿಗೆ ಇವತ್ತು 11ನೇ ದಿನ. ಹಾಗಾಗಿ ಸಮಯ ಇದೆ.